ಜೋಡಿ ಎಲ್

ಕರಡಣ್ಣ ಕೊನೆಯ ಸಲ ಸರಿಯಾಗಿದ್ದದ್ದು ಯಾವಾಗ ಎಂದು ಡಾಕ್ಟರಮ್ಮ ಕೇಳಿದ್ದು ಅವಳನ್ನು. ಉತ್ತರ ಕೊಟ್ಟದ್ದು ಅಚ್ಚುಮನೆಯ ಮ್ಯಾನೇಜರ್. “ಟೀ ಹೊತ್ತಿಗೆ ಡಾಕ್ಟ್ರೇ. ಲೋಟ ಕೈಯಿಂದ ಜಾರಿಬಿತ್ತು. ಅಲ್ಲೀತನಕ ಗುಂಡುಕಲ್ಲಿನ ಹಾಗಿದ್ರು,” ಎಂದು ಅವನು ಹೇಳುತ್ತಿದ್ದಾಗ ಅವಳ ಬಾಯಿ ಅರ್ಧ ತೆರೆದಿತ್ತು. ತೆರೆದ ಬಾಯಿಂದ ಏನೂ ಹೊರಡದ ಕಾರಣ ಅದು ಒಪ್ಪಿಗೆಯ ಹಾಗೆ ಕಂಡಿರಬೇಕು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಕೂದಲನ್ನು ಪೆನ್ನು ಸಿಕ್ಕಿಸಿ ಗಂಟು ಹಾಕಿಕೊಂಡಿದ್ದಳು. “ಅಂದಾಜಿನ ಮೇಲೆ ಹೇಳಬೇಡಿ. ಸ್ಟ್ರೋಕ್ ಟೀ ಹೊತ್ತಿಗೆ ಶುರುವಾಗಿದ್ರೆ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡಬಹುದು. ಮಾತು, ಕೈ, ಎಲ್ಲ ವಾಪಸ್ ಬರೋ ಸಾಧ್ಯತೆ ಇರುತ್ತೆ. ಅದಕ್ಕಿಂತ ತುಂಬಾ ಮುಂಚೆ ಶುರುವಾಗಿದ್ರೆ ಕೊಡೋ ಹಾಗಿಲ್ಲ. ತಲೆ ಒಳಗೇ ರಕ್ತ ಒಸರಿಬಿಡಬಹುದು. ನಾನು ಸ್ಕ್ಯಾನ್ ನೋಡ್ಕೊಂಡು ಬರ್ತೀನಿ. ಬಂದು ಇನ್ನೊಂದ್ಸಲ ಕೇಳ್ತೀನಿ,” ಎಂದು ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ಬಾಗಿಲಿನ ಎರಡು ರೆಕ್ಕೆಗಳೂ ಒಂದನ್ನೊಂದು ದಾಟಿ ಆಡಿ, ಆಡಿ, ನಿಂತವು.

ಗೋಡೆಗೆ ಒತ್ತಿಕೊಂಡಿದ್ದ ಬೆಂಚಿನ ಮೇಲೆ ಅತ್ತಿಗೆ ಕೂತಿದ್ದರು. ಅತ್ತಿಗೆಯೆಂದರೆ ಕರಡಣ್ಣನ ಹೆಂಡತಿ. ರಕ್ತಸಂಬಂಧವೇನಿಲ್ಲ, ಅವರನ್ನು ಅಣ್ಣ ಅಂದಮೇಲೆ ಇವರು ಅತ್ತಿಗೆ, ಅಷ್ಟೇ. ಫೋನು ಬಂದ ಕೂಡಲೇ ಹೊರಟು ಬಂದವರು ಬಟ್ಟೆಚೀಲದಲ್ಲಿ ಗಂಡನ ಮನೆಯ ಚಪ್ಪಲಿ ತಂದಿದ್ದರು. ಕಚೇರಿಯ ಬೂಟು ಬಿಗಿಯಾಗುತ್ತೆ, ನಡೆದು ವಾಪಸ್ ಬರುವಾಗ ಬೇಕಾಗುತ್ತೆ ಎಂದು ಯಾರೂ ಕೇಳದೆಯೇ ಹೇಳಿದರು. ಅವಳು ಎದುರುಗೋಡೆಗೆ ಒರಗಿ ನಿಂತಳು. ಅತ್ತಿಗೆ ಪಕ್ಕದ ಜಾಗವನ್ನು ಕೈಯಿಂದ ತಟ್ಟಿ, “ಬಾರಮ್ಮ, ಎಷ್ಟೊತ್ತು ನಿಂತಿರ್ತೀಯ. ನಿನ್ನ ಮುಖ ನೋಡಿದ್ರೆ ನಿನ್ನನ್ನೇ ಮಲಗಿಸಬೇಕು ಅನ್ಸುತ್ತೆ,” ಎಂದರು. ಕೂತರೆ ಅವರ ಭುಜ ತಾಗುತ್ತದೆ. ಅವಳು ಅಲ್ಲೇ ನಿಂತಳು.

ಬೆಳಿಗ್ಗೆ ಓದುಕೋಣೆಯಲ್ಲಿ ಅವಳ ಮತ್ತು ಕರಡಣ್ಣನ ಭುಜಗಳ ನಡುವೆ ಒಂದು ಗೇಣು ಜಾಗವಿತ್ತು. ಅಚ್ಚುಮನೆಯ ಮೂಲೆಯಲ್ಲಿ ಗಾಜು ಕಟ್ಟಿ ಮಾಡಿದ ಕೋಣೆ ಅದು. ಅದರೊಳಗೆ ಒಬ್ಬರು ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕರಡಿನ ಮೇಲೆ ಪೆನ್ಸಿಲು ಇಟ್ಟುಕೊಂಡು ಕೇಳುತ್ತ ತಿದ್ದಬೇಕು. ಹೊರಗಿನವರಿಗೆ ಆ ಓದು ಹುಚ್ಚರ ಮಾತಿನಂತೆ ಕೇಳುತ್ತದೆಂದೇ ಗಾಜು. ಪ್ರತಿ ಚುಕ್ಕೆ, ಪ್ರತಿ ಕಾಮಾ, ಪ್ರತಿ ದೊಡ್ಡಕ್ಷರವನ್ನೂ ಬಾಯಿಬಿಟ್ಟು ಹೇಳಬೇಕು. ಅಕ್ಷರ ಎರಡು ಸಲ ಬಂದರೆ ಜೋಡಿ ಎನ್ನಬೇಕು, ಎರಡು ಬರಬಾರದ ಕಡೆ ಒಂಟಿ ಎನ್ನಬೇಕು. ದೊಡ್ಡದು ಹರ್, ರೆಕಾರ್ಡ್, ಹ್ಯಾಸ್ ನೆವರ್ ಬೀನ್ ಈಕ್ವಲ್ಡ್, ಜೋಡಿ ಎಲ್, ಚುಕ್ಕೆ, ಹೀಗೆ. ಏರಿಳಿತವಿಲ್ಲದೆ, ಅರ್ಥಕ್ಕೆ ಮನಸ್ಸು ಕೊಡದೆ ಓದಬೇಕು, ಅರ್ಥಕ್ಕೆ ಮನಸ್ಸು ಹೋದರೆ ಕಣ್ಣು ತಪ್ಪನ್ನು ತಾನೇ ಸರಿಮಾಡಿಕೊಂಡು ಮುಂದೆ ಹೋಗಿಬಿಡುತ್ತದೆ ಎಂದು ಅವಳಿಗೆ ಕಲಿಸಿದವರು ಅವರೇ. ಹೊಸದರಲ್ಲಿ ಅವಳು ಒಂದೊಂದು ಪದಕ್ಕೂ ನಿಲ್ಲುತ್ತಿದ್ದಳು. ಅದಕ್ಕೇ ಅವರು ಅವಳಿಗೆ ‘ಕಾಮಾ’ ಎಂದು ಹೆಸರಿಟ್ಟರು. ಕರಡು ತಿದ್ದುವ ಅಣ್ಣ ಕರಡಣ್ಣನಾಗಿದ್ದು ಅವಳು ಬರುವುದಕ್ಕೂ ಹಿಂದಿನ ಮಾತು. ಪುಟ ಕಟ್ಟುವ ಹುಡುಗಿಯರು ಬೆನ್ನ ಹಿಂದೆ ಕರಡಿ ಎನ್ನುತ್ತಿದ್ದರು. ಅವರಿಗೂ ಗೊತ್ತಿತ್ತು. “ಕರಡಿ ಅಂತಾನೇ ಕರೀರಮ್ಮ, ಒಂದಕ್ಷರ ಉಳಿಯುತ್ತೆ,” ಎಂದು ಎದುರಿಗೇ ಹೇಳಿ ಆ ಹುಡುಗಿಯರನ್ನು ಪೆಚ್ಚಾಗಿಸಿದ್ದರು.

ಒಂದಕ್ಷರ ಉಳಿಸುವ ಜಗಳ ನಿಜವಾಗಿ ಶುರುವಾದದ್ದು ನಿನ್ನೆ. ಶಾಲೆಮಕ್ಕಳಿಗಾಗಿ ಮಾಡಿದ ಇಂಗ್ಲಿಷ್ ಕೈಪಿಡಿ ಅದು. ಯಾವ ಪದವನ್ನು ಹೇಗೆ ಬರೆಯಬೇಕು, ಎಲ್ಲಿ ಬಳಸಬೇಕು ಎಂದು ಎ ಇಂದ ಝಡ್‌ವರೆಗೆ ಹೇಳುವ ದಪ್ಪ ಪುಸ್ತಕ. ಅದನ್ನೇ ಈ ಸಲ ದೂರದೇಶದ ಗಿರಾಕಿಯೊಬ್ಬ ತನ್ನ ಕಡೆಯ ಶಾಲೆಗಳಿಗೂ ಕೇಳಿದ್ದ. ಅವನ ಕಡೆ ಈಕ್ವಲ್ಡ್‌ಗೆ ಒಂದೇ ಎಲ್. ಈಕ್ವಲಿಂಗ್‌ಗೂ ಒಂದೇ. ಕರಡಣ್ಣ ಮೂಲಪ್ರತಿಯನ್ನು ಮಗುಚಿಟ್ಟು ಕನ್ನಡಕ ತೆಗೆದಿದ್ದರು. “ಒಂದು ಕಡೆ ಎರಡು ಸರಿ, ಇನ್ನೊಂದು ಕಡೆ ಒಂದು ಸರಿ. ಸರಿ ಅನ್ನೋ ಪದಕ್ಕೇ ಈ ಗತಿ ಬಂದ್ರೆ ಉಳಿದಿದ್ದರ ಪಾಡೇನು ಕಾಮಾ?”

“ಪದದ ಅರ್ಥ ಒಂದೇ ತಾನೇ ಅಣ್ಣ. ಅವರ ಪುಸ್ತಕ, ಅವರ ಕಾಗುಣಿತ.”

“ಅರ್ಥ ಯಾರು ಕೇಳಿದ್ರು? ಈಕ್ವಲ್ಸ್ ಟು ಅಂತ ಬರೀತಾರಲ್ಲ, ಆ ಟೂ ಬೇಡ ಅಂತ ಇಷ್ಟು ವರ್ಷ ಬಡ್ಕೊಂಡೆ. ಕ್ರಿಯಾಪದಕ್ಕೆ ಅದು ಬಾಲ. ಯಾರಾದ್ರೂ ಕೇಳಿದ್ರಾ? ಬಾಲ ಬಿಟ್ಟು ಹೊಟ್ಟೇಲಿರೋ ಎಲ್ ಕೀಳೋಕೆ ಬಂದ್ರು.” ಅವರು ನಗುತ್ತಲೇ ಹೇಳಿದ್ದರು. ಆದರೆ ಧ್ವನಿ ಸ್ವಲ್ಪ ಏರಿತ್ತು, ಗಾಜಿನಾಚೆ ಮ್ಯಾನೇಜರ್ ತಲೆಯೆತ್ತಿ ನೋಡಿದ್ದ. ಅವಳ ಮುಖ ಬಿಸಿಯಾಗಿತ್ತು. ಓದುಕೋಣೆಯ ಜವಾಬ್ದಾರಿ ಈಗ ಅವಳದು. ಕರಡಣ್ಣ ನಿವೃತ್ತರಾದ ಮೇಲೂ ದಿನಗೂಲಿಯ ಮೇಲೆ ಬರುತ್ತಿದ್ದರು, ಅವರು ಬರಬೇಕೋ ಬೇಡವೋ ಎಂದು ಪ್ರತಿ ಪುಸ್ತಕಕ್ಕೂ ಅವಳೇ ಹೇಳಬೇಕಿತ್ತು. ಅವರ ಕೆಳಗೆ ಕಲಿತು ಅವರ ಮೇಲಿನ ಕುರ್ಚಿಗೆ ಬಂದವಳು ತಾನು ಎಂಬುದನ್ನು ಅವರೆಂದೂ ಎತ್ತಿ ಆಡಿರಲಿಲ್ಲ. ಆಡದೇ ಇದ್ದದ್ದೇ ಅವಳಿಗೆ ಚುಚ್ಚುತ್ತಿತ್ತು. ತಾನು ಅವರಿಗೆ ಸಮವೋ ಅಲ್ಲವೋ ಎಂದು ಒಂದು ಸಲವಾದರೂ ಹೇಳಲಿ ಎಂದು ಕಾಯುತ್ತಿದ್ದಳು. ಹೋದ ತಿಂಗಳು ಮ್ಯಾನೇಜರ್ ಎಲ್ಲರೆದುರು, ಈಗ ಕರಡಣ್ಣನಿಗಿಂತ ಇವಳ ಕಣ್ಣೇ ಚುರುಕು ಎಂದಾಗ ಅವಳು ಅಯ್ಯೋ ಹಾಗೇನಿಲ್ಲ ಎಂದಳು. ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತಾಗ ಮ್ಯಾನೇಜರ್ ಹೇಳಿದ್ದನ್ನು ಮನಸ್ಸಿನಲ್ಲಿ ಮತ್ತೊಮ್ಮೆ ಹೇಳಿಸಿಕೊಂಡಳು.

“ಬೆಳಿಗ್ಗೆ ಚೆನ್ನಾಗೇ ಹೋದ್ರು ಕಣಮ್ಮ,” ಅತ್ತಿಗೆ ಹೇಳುತ್ತಿದ್ದರು. “ಹೋಗ್ತಾ ನನ್ನ ಬೈದೇ ಹೋದ್ರು. ಡಬ್ಬಿ ಮುಚ್ಚಳ ತಿರುಗಿಸೋಕೆ ಬರಲ್ಲ ನಿಂಗೆ, ಅರ್ಧ ಸಂಸಾರ ಬ್ಯಾಗಲ್ಲೇ ಚೆಲ್ಲುತ್ತೆ ಅಂತ. ಊಟ ಮಾಡಿದ್ರಾ ಮಧ್ಯಾಹ್ನ?”

ಡಬ್ಬಿ ಮೇಜಿನ ಮೇಲೆ ಇದ್ದಲ್ಲೇ ಇತ್ತು. ಅವಳು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಕೋಣೆಗೆ ಬಂದಾಗ ಅದನ್ನು ನೋಡಿದ್ದಳು. ಮುನಿಸು, ಚಿಕ್ಕ ಮಕ್ಕಳ ಹಾಗೆ, ಎಂದುಕೊಂಡು ಬೆನ್ನು ತಿರುಗಿಸಿ ಕೂತಿದ್ದಳು. “ಗೊತ್ತಿಲ್ಲ ಅತ್ತಿಗೆ,” ಎಂದಳು. ಗೊತ್ತಿಲ್ಲ ಎನ್ನುವುದು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಬೆಚ್ಚಿಬೀಳುವಂತಾಯಿತು. ಡಾಕ್ಟರಮ್ಮ ಮತ್ತೆ ಕೇಳಿದಾಗಲೂ ಹೀಗೇ ಹೇಳಬಹುದು. ಹೇಳುವುದೂ ಬೇಕಿಲ್ಲ, ಮ್ಯಾನೇಜರ್ ಹೇಳಿಯಾಗಿದೆ. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಸಾಕು.

ಗಿರಾಕಿ ಇವತ್ತು ಬೆಳಿಗ್ಗೆ ಕೆಲಸ ಶುರುವಾದ ಸ್ವಲ್ಪ ಹೊತ್ತಿಗೇ ಅಚ್ಚುಮನೆ ನೋಡಲು ಬಂದಿದ್ದ. ಮ್ಯಾನೇಜರ್ ಅವನನ್ನು ಗಾಜಿನ ಎದುರು ನಿಲ್ಲಿಸಿ ಕೈ ತೋರಿಸುತ್ತ ಏನೋ ವಿವರಿಸುತ್ತಿದ್ದ. ನಾವು ಇನ್ನೂ ಬಾಯಲ್ಲಿ ಓದಿಯೇ ತಿದ್ದುತ್ತೇವೆ ಎಂದಿರಬೇಕು. ಹೊರಗಿನಿಂದ ಒಳಗಿದ್ದ ಇಬ್ಬರೂ ತೊಟ್ಟಿಯ ಮೀನುಗಳಂತೆ ಕಂಡಿರಬೇಕು. ಇ ಅಕ್ಷರದ ಪುಟಗಳು. ಕರಡಣ್ಣ ಎಂದಿನಂತೆ ಓದುತ್ತಿದ್ದರು, ಈಕ್ವಲ್, ಈಕ್ವಲ್ಸ್, ಅಲ್ಲಿಗೆ ಬಂದಾಗ ಅವಳ ಮೈಯೆಲ್ಲ ಕಿವಿಯಾಯಿತು. ಇವತ್ತು ಇವರು ತನ್ನ ಮಾನ ಉಳಿಸುತ್ತಾರೋ ಇಲ್ಲವೋ.

“ಈಕ್ವಲ್ಡ್,” ಎಂದರು. “ಎಲ್.”

“ಒಂಟಿ ಅನ್ನಿ ಅಣ್ಣ.”

“ಎಲ್. ಎಲ್.”

“ಜೋಡಿ ಅಲ್ಲ, ಒಂಟಿ. ನಿನ್ನೆ ಅಷ್ಟು ಮಾತಾಡಿದ್ದಾಯ್ತಲ್ಲ.”

“ಎಲ್,” ಎಂದರು ಅವರು, “ಎಲ್, ಎಲ್, ಎಲ್.” ಏರಿಳಿತವಿಲ್ಲದ ಓದಿನ ಧ್ವನಿ, ಅವರೇ ಕಲಿಸಿದ ಧ್ವನಿ. ಗಾಜಿನಾಚೆ ಗಿರಾಕಿ ಮೆಚ್ಚಿಕೊಂಡು ತಲೆಯಾಡಿಸಿದ. ಅವಳಿಗೆ ನಗು ಬಂತು, ಮರುಕ್ಷಣ ನಗು ಕೆಟ್ಟು ಕಣ್ಣು ಉರಿಯಿತು. “ಇವತ್ತು ಬೇಡ ಕರಡಣ್ಣ, ಆಟ ಬೇಡ, ಅವರು ನೋಡ್ತಿದ್ದಾರೆ,” ಎಂದು ತುಟಿ ಅಲುಗಿಸದೆ ಹೇಳಿದಳು. ಅವರು ಅವಳ ಕಡೆ ತಿರುಗಿದರು. ಬಾಯಿಯ ಒಂದು ಮೂಲೆ ಕೆಳಗಿಳಿದಿತ್ತು. ಹೊಸಬರು ಮಾಡಿದ ಕೆಲಸವನ್ನು ನೋಡುವಾಗ ಅವರು ಹಾಗೇ ತುಟಿ ಜಗ್ಗುತ್ತಿದ್ದರು. ತನ್ನನ್ನು ಇಷ್ಟು ದಿನ ಹಾಗೆ ನೋಡಿರಲಿಲ್ಲ, ಇವತ್ತು ನೋಡಿದರು ಎಂದು ಅವಳಿಗೆ ಅನ್ನಿಸಿತು. “ಆಗದೇ ಇದ್ರೆ ಬಿಟ್ಟುಬಿಡಿ. ನಾನೊಬ್ಬಳೇ ಓದ್ಕೋತೀನಿ. ನಿಮ್ಮ ಕಾಲ ಮುಗೀತು ಅಂತ ನಿಮಗೇ ಗೊತ್ತಾಗಬೇಕಿತ್ತು,” ಎಂದಳು. ಅವರ ಕೈಯಿಂದ ಮೂಲಪ್ರತಿಯನ್ನು ತೆಗೆದುಕೊಂಡಳು. ಬೆರಳುಗಳು ಅದನ್ನು ಹಿಡಿದೇ ಇರಲಿಲ್ಲವೇನೋ ಎನ್ನುವಷ್ಟು ಸುಲಭವಾಗಿ ಬಂತು. ಕಿಟಕಿಯ ಕಡೆ ಮುಖ ಮಾಡಿ ಕೂತ ಅವರಿಗೆ ಬೆನ್ನು ಹಾಕಿ ಅವಳು ಓದತೊಡಗಿದಳು. ಇ ಮುಗಿಯಿತು. ಎಫ್ ಪೂರ್ತಿ, ಜಿ ಪೂರ್ತಿ, ಊಟ, ಆಮೇಲೆ ಎಚ್ ಅರ್ಧ. ಟೀ ಬಂತು. ಹಿಂದೆ ಲೋಟ ಒಡೆದ ಸದ್ದಾಯಿತು.

ಆಗ ಕೋಪ ಬಂದಿತ್ತು ಎಂದು ಇಷ್ಟು ಹೊತ್ತೂ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಈ ಗೋಡೆಗೆ ಒರಗಿ ನಿಂತಾಗ, ಕೋಪಕ್ಕೂ ಮುಂಚೆ ಬಂದದ್ದು ಇನ್ನೊಂದಿತ್ತು ಎಂದು ಹೊಳೆಯಿತು, ಹೊಳೆದದ್ದೇ ತಣ್ಣನೆಯ ನೀರು ಬೆನ್ನಿಗೆ ಸುರಿದ ಹಾಗಾಯಿತು. ಅವರು ಮೊದಲ ಸಲ ತಡವರಿಸಿದಾಗ, ಒಂದು ಉಸಿರಿನ ಹೊತ್ತು, ಅವಳಿಗೆ ಸಂತೋಷವಾಗಿತ್ತು. ಇವರೂ ತಪ್ಪುತ್ತಾರೆ. ಅಷ್ಟೇ, ಒಂದು ಉಸಿರು. ಅದರ ಹಿಂದೆಯೇ ಕೋಪ ಬಂದು ಅದನ್ನು ಮುಚ್ಚಿಹಾಕಿತು. ತುಟಿಯ ಮೂಲೆ ಇಳಿದದ್ದನ್ನು ಅವಳು ಕಂಡಿದ್ದಳು, ಬೆರಳು ಸಡಿಲವಾದದ್ದನ್ನು ಕಂಡಿದ್ದಳು, ಮುಚ್ಚಳ ತೆರೆಯದ ಡಬ್ಬಿಯನ್ನು ಕಂಡಿದ್ದಳು. ಒಂದು ಅಕ್ಷರ ಓರೆಯಾಗಿ ಕೂತರೂ ಹಿಡಿಯುವ ಕಣ್ಣು ಇಷ್ಟನ್ನೂ ಕಂಡು, ಇಷ್ಟಕ್ಕೂ ತನಗೆ ಬೇಕಾದ ಅರ್ಥ ಹಚ್ಚಿ ಮುಂದಕ್ಕೆ ಹೋಗಿತ್ತು. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು.

ಆದರೆ ಇರಬಹುದು, ಅದು ಆಟವೇ ಇರಬಹುದು. ಅವರು ಹಟಮಾರಿ, ಎಲ್ಲರಿಗೂ ಗೊತ್ತು. ಬೆಳಿಗ್ಗೆ ಗೇಲಿ ಮಾಡಿ, ಮಧ್ಯಾಹ್ನ ಮುನಿದು, ಟೀ ಹೊತ್ತಿಗೇ ಕಾಯಿಲೆ ಬಿದ್ದಿರಬಾರದೇಕೆ? ಹಾಗಿದ್ದರೆ ಇಂಜೆಕ್ಷನ್ ಕೊಡುತ್ತಾರೆ, ಮಾತು ಬರುತ್ತದೆ. ಬಂದ ಮಾತಿನಲ್ಲಿ ಅವರು ಮೊದಲು ಏನು ಹೇಳಿಯಾರು? ಅವಳು ಅಲ್ಲಿಗೆ ನಿಂತಳು. ಬಾಯಿ ಮುಚ್ಚಿಕೊಂಡಿದ್ದರೆ ಅವರು ಬದುಕಿ ಮಾತಾಡಬಹುದು, ಇಲ್ಲವೇ ತಲೆಯೊಳಗೆ ರಕ್ತ ಒಸರಿ ಈ ಬಾಗಿಲಿನ ಹಿಂದೆಯೇ ಹೋಗಿಬಿಡಬಹುದು. ಹೋದರೆ ಬೆಳಿಗ್ಗೆಯ ಸಂಗತಿ ಯಾರಿಗೂ ತಿಳಿಯುವುದಿಲ್ಲ. ಈ ಯೋಚನೆ ತನ್ನದೇ ಧ್ವನಿಯಲ್ಲಿ, ಏರಿಳಿತವಿಲ್ಲದೆ, ತಲೆಯೊಳಗೆ ಓದಿದಂತೆ ಕೇಳಿಸಿತು.

ಬಾಗಿಲು ತೆರೆಯಿತು. “ರಕ್ತಸ್ರಾವ ಏನಿಲ್ಲ, ಹೆಪ್ಪೇ. ಇಂಜೆಕ್ಷನ್ ತಯಾರು ಮಾಡೋಕೆ ಹೇಳಿದ್ದೀನಿ,” ಎಂದಳು ಡಾಕ್ಟರಮ್ಮ. “ಹೇಳಿ. ಟೀ ಹೊತ್ತಿಗೇ ತಾನೇ?”

“ಹೌದು ಡಾಕ್ಟ್ರೇ,” ಮ್ಯಾನೇಜರ್ ಎದ್ದು ನಿಂತ.

“ಅಲ್ಲ,” ಎಂದಳು ಅವಳು.

ಮೂವರೂ ಅವಳ ಕಡೆ ನೋಡಿದರು. “ಬೆಳಿಗ್ಗೆ. ಬೆಳಿಗ್ಗೆ ಓದೋಕೆ ಕೂತ ಸ್ವಲ್ಪ ಹೊತ್ತಿಗೇ ಮಾತು ತಪ್ಪಿತ್ತು. ಹೇಳಿದ್ದನ್ನೇ ಹೇಳ್ತಿದ್ರು. ಬಾಯಿ ಒಂದು ಕಡೆ ಇಳಿದಿತ್ತು. ಕೈಯಲ್ಲಿ ಹಿಡಿತ ಇರಲಿಲ್ಲ. ಊಟ ಮಾಡ್ಲಿಲ್ಲ.”

“ಏನ್ ಹೇಳ್ತಿದ್ದೀಯಮ್ಮ?” ಮ್ಯಾನೇಜರ್‌ನ ಧ್ವನಿ ಒಡೆಯಿತು. “ಗಿರಾಕಿ ಜೊತೆ ನಾನೇ ಅಲ್ಲಿ ನಿಂತಿದ್ದೆ. ಓದ್ತಾನೇ ಇದ್ರು, ಕಣ್ಣಾರೆ ನೋಡಿದ್ದೀನಿ.”

“ನೀವು ನೋಡಿದ್ರಿ. ಕೇಳಿಸಿದ್ದು ನನಗೆ.”

ಡಾಕ್ಟರಮ್ಮ ಅವಳ ಹತ್ತಿರ ಬಂದಳು. ಬೈಯುತ್ತಾಳೆ ಎಂದು ಅವಳು ಕಾದಳು, ಬೈದರೆ ಒಳ್ಳೆಯದಿತ್ತು. “ಖಚಿತವಾಗಿ ಹೇಳ್ತಿದ್ದೀರಾ?” ಎಂದಷ್ಟೇ ಕೇಳಿದಳು. ಅವಳು ತಲೆಯಾಡಿಸಿದಳು. ಡಾಕ್ಟರಮ್ಮ ಬಾಗಿಲನ್ನು ಅರ್ಧ ತೆರೆದು ಒಳಗಿದ್ದ ನರ್ಸಿಗೆ, “ಆ ಇಂಜೆಕ್ಷನ್ ಬೇಡ, ಎತ್ತಿಡಿ,” ಎಂದಳು. ಒಳಗೆ ಏನೋ ಗಾಜಿನದು ತಟ್ಟೆಯಲ್ಲಿ ಉರುಳಿ ತಣ್ಣಗಾಯಿತು. ಬೇರೆ ಔಷಧ ಶುರುಮಾಡುತ್ತೇವೆ, ಪ್ರಾಣಕ್ಕೆ ಸದ್ಯ ಭಯವಿಲ್ಲ, ಮಾತಿನದು ಈಗಲೇ ಹೇಳಲಾಗುವುದಿಲ್ಲ ಎಂದು ಅತ್ತಿಗೆಗೆ ಹೇಳಿ ಹೋದಳು. ಮ್ಯಾನೇಜರ್ ಫೋನನ್ನು ಕಿವಿಗಿಟ್ಟುಕೊಂಡು ಮೆಟ್ಟಿಲಿನ ಕಡೆ ನಡೆದ. ಅದು ರಿಂಗಾಗಿರಲಿಲ್ಲ.

ಅತ್ತಿಗೆ ಚಪ್ಪಲಿಯ ಚೀಲವನ್ನು ಮಡಿಲಿಗೆ ಎಳೆದುಕೊಂಡರು. ಆಮೇಲೆ, “ಬೆಳಿಗ್ಗೆಯಿಂದ ನೀನು ಪಕ್ಕದಲ್ಲೇ ಇದ್ದೆ,” ಎಂದರು. ಅದು ಪ್ರಶ್ನೆಯಲ್ಲ.

“ಇದ್ದೆ.”

“ಏನಂದುಕೊಂಡೆ?”

“ನನ್ನ ಗೇಲಿ ಮಾಡ್ತಿದ್ದಾರೆ ಅಂದುಕೊಂಡೆ ಅತ್ತಿಗೆ. ಬೈದೆ. ನಿಮ್ಮ ಕಾಲ ಮುಗೀತು ಅಂದೆ.”

ಅತ್ತಿಗೆಯ ಮುಖ ಅಲುಗಲಿಲ್ಲ. ಚೀಲದ ಬಾಯಿಯನ್ನು ಎರಡು ಕೈಯಿಂದ ಹಿಂಡಿ ಹಿಡಿದಿದ್ದರು, ಬೆರಳ ಗೆಣ್ಣುಗಳು ಬಿಳಿಚಿಕೊಂಡಿದ್ದವು. “ಊಟಕ್ಕೆ ಕೂತಾಗೆಲ್ಲ ನಿನ್ನದೇ ಮಾತು ನಮ್ಮನೇಲಿ,” ಎಂದರು. “ಕಾಮಾದು ಎಂಥ ಕಿವಿ ಅಂತೀಯ, ನನ್ನ ಉಸಿರು ತಪ್ಪಿದ್ರೂ ಅವಳಿಗೆ ಗೊತ್ತಾಗುತ್ತೆ, ನನಗೇ ಇರಲಿಲ್ಲ ಅಂಥ ಕಿವಿ, ಅಂತ. ನನಗೆ ಕೇಳಿ ಕೇಳಿ ಸಾಕಾಗಿತ್ತು. ಅವಳ ಹತ್ರಾನೇ ಹೇಳ್ರೀ, ಖುಷಿಪಡ್ತಾಳೆ ಅಂದೆ ಒಂದ್ಸಲ. ಹೇಳಿದ್ರೆ ಕೆಟ್ಟುಹೋಗ್ತಾಳೆ ಅಂದ್ರು.”

ಅವಳು ಗೋಡೆಗೆ ಬೆನ್ನು ಜಾರಿಸುತ್ತ ನೆಲದ ಮೇಲೇ ಕೂತಳು. ಯಾರೋ ಕಾಲು ದಾಟಿಕೊಂಡು ಹೋದರು. ಅಳು ಬರಬೇಕಿತ್ತು, ಬರಲಿಲ್ಲ. ನರ್ಸ್ ತಲೆ ಹೊರಗೆ ಹಾಕಿ, ಒಬ್ಬರು ಮಾತ್ರ ಬರಬಹುದು, ಅವರು ಏನೋ ಹೇಳೋಕೆ ಒದ್ದಾಡ್ತಿದ್ದಾರೆ, ನಮಗೆ ತಿಳೀತಿಲ್ಲ ಎಂದಳು. ಅತ್ತಿಗೆ ಏಳಲು ಹೋದರು. ಅರ್ಧ ಎದ್ದವರು ಮತ್ತೆ ಕೂತರು.

“ನೀನು ಹೋಗು,” ಎಂದರು, ಅವಳ ಕಡೆ ನೋಡದೆ.

“ಅತ್ತಿಗೆ, ನಾನು ಹೇಗೆ...”

“ನನಗೇನು ಅರ್ಥ ಆಗುತ್ತೆ? ಹೋಗು ಅಂದೆ.”

ಒಳಗೆ ಪರದೆಗಳ ಸಾಲು. ಕೊನೆಯದರ ಹಿಂದೆ ಕರಡಣ್ಣ ಒಂದು ಕಡೆಗೆ ವಾಲಿಕೊಂಡು ಮಲಗಿದ್ದರು. ಕನ್ನಡಕವಿಲ್ಲದ ಮುಖ ಯಾರದೋ ಮುಖದಂತಿತ್ತು. ಅವಳನ್ನು ಕಂಡು ಒಂದು ಕಣ್ಣು ಅಗಲವಾಯಿತು. ಇನ್ನೊಂದು ಹಾಗೇ ಇತ್ತು. ಬಾಯಿ ತೆರೆಯಿತು, ಒಂದು ಸದ್ದು ಬಂತು, ಅಕ್ಷರವಲ್ಲ, ಪದವಲ್ಲ, ದವಡೆಯೊಳಗೆ ಹೊರಳಿದ ಏನೋ ಒಂದು. ನೀರೋ? ಮನೆಗೆ ಹೋಗಬೇಕು ಅಂತಲೋ? ಹೆಂಡತಿಯ ಹೆಸರೋ? ಅವಳಿಗೆ ಇದೇ ಇರಬೇಕು ಎಂದು ಒಂದು ಅರ್ಥ ಹೊಳೆಯಿತು. ಅವರೇ ಕಲಿಸಿದ ಹಾಗೆ, ಆ ಅರ್ಥವನ್ನು ಅವಳು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಸ್ಟೂಲು ಎಳೆದುಕೊಂಡು ಕೂತು, ಅವರ ಬಾಯಿಯ ಬಳಿಗೆ ಕಿವಿ ತಂದಳು.

“ತಿಳೀಲಿಲ್ಲ ಅಣ್ಣ,” ಎಂದಳು. “ಇನ್ನೊಂದ್ಸಲ.”

ಅದೇ ಸದ್ದು. ಬಿಸಿ ಉಸಿರು ಅವಳ ಕೆನ್ನೆಗೆ ತಾಗಿತು.

“ಇನ್ನೊಂದ್ಸಲ,” ಎಂದಳು.